ಎರಿಕ್ ಹ್ಯುಕೆಲ್: ಉಂಗುರದ ಎಲೆಕ್ಟ್ರಾನುಗಳನ್ನು ಎಣಿಸಿದವರು

ರೋಗಿಗಳ ರಕ್ತದ ಸೋಡಿಯಂ, ಪೊಟ್ಯಾಸಿಯಂ ವರದಿಗಳನ್ನು ನಾನು ದಿನವೂ ನೋಡುತ್ತೇನೆ. ಆ ಅಂಕಿಗಳನ್ನು ಕೊಡುವ ಎಲೆಕ್ಟ್ರೋಡ್ ನೇರವಾಗಿ ಅಳೆಯುವುದು ಅಯಾನುಗಳ ಸಂಖ್ಯೆಯನ್ನಲ್ಲ, ಅವುಗಳ ಸಕ್ರಿಯತೆಯನ್ನು. ವಿರುದ್ಧ ವಿದ್ಯುದಂಶದ ಅಯಾನುಗಳು ಒಂದನ್ನೊಂದು ಸುತ್ತುವರಿದಾಗ ಈ ಸಕ್ರಿಯತೆ ಎಷ್ಟು ಕುಗ್ಗುತ್ತದೆಂಬುದನ್ನು 1923ರಲ್ಲಿ ಜ್ಯೂರಿಕ್‌ನಲ್ಲಿ ಪೀಟರ್ ಡಿಬೈ ಅವರೊಡನೆ ಲೆಕ್ಕಹಾಕಿದವರು ಎರಿಕ್ ಹ್ಯುಕೆಲ್. ನನ್ನ ಮಟ್ಟಿಗೆ ಆ ಹೆಸರು ಬಹುಕಾಲ ಅಲ್ಲಿಗೇ ನಿಂತಿತ್ತು. ಅವರ ಹೆಚ್ಚಿನ ಸಾಧನೆ ಬೇರೆಯೇ ಇದೆಯೆಂದು ತಿಳಿದದ್ದು ತಡವಾಗಿ.

ಹ್ಯುಕೆಲ್ 1896ರ ಆಗಸ್ಟ್ 9ರಂದು ಬರ್ಲಿನ್ ಬಳಿಯ ಶಾರ್ಲೊಟೆನ್‌ಬುರ್ಗ್‌ನಲ್ಲಿ ಜನಿಸಿದರು. ತಂದೆ ವೈದ್ಯಕೀಯ ಓದಿದವರು. ಅಣ್ಣ ವಾಲ್ಟರ್ ಮುಂದೆ ಹೆಸರಾಂತ ರಸಾಯನ ವಿಜ್ಞಾನಿಯಾದರು. ಎರಿಕ್ ಗಟಿಂಗೆನ್‌ನಲ್ಲಿ ಭೌತವಿಜ್ಞಾನ ಓದಿ, 1921ರಲ್ಲಿ ಡಿಬೈ ಅವರ ಬಳಿ ಡಾಕ್ಟರೇಟ್ ಪಡೆದು, ಹಿಲ್ಬರ್ಟ್ ಮತ್ತು ಬಾರ್ನ್ ಅವರಿಗೆ ಸಹಾಯಕರಾಗಿದ್ದರು.

ಇಂಗಾಲದ ದ್ವಿಬಂಧವನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಬಹುದೇ ನೋಡಿ ಎಂದು ಸೂಚಿಸಿದವರು ಕೋಪನ್‌ಹೇಗನ್ನಿನ ನೀಲ್ಸ್ ಬೋರ್. 1930ರಲ್ಲಿ ದ್ವಿಬಂಧ, 1931ರಲ್ಲಿ ಬೆಂಜೀನ್. ಉಂಗುರಾಕಾರದ ಅಣುವಿನಲ್ಲಿ ಪೈ ಎಲೆಕ್ಟ್ರಾನುಗಳು ಯಾವೊಂದು ಬಂಧಕ್ಕೂ ಅಂಟಿಕೊಳ್ಳದೆ ಇಡೀ ಉಂಗುರಕ್ಕೆ ಸೇರಿರುತ್ತವೆ. ಅವುಗಳ ಕಕ್ಷಕಗಳಲ್ಲಿ ಎಲ್ಲಕ್ಕಿಂತ ಕೆಳಗೆ ಒಂದೇ ಒಂದು. ಅದರ ಮೇಲೆ ಸಮಶಕ್ತಿಯ ಜೋಡಿ. ಪ್ರತಿ ಕಕ್ಷಕಕ್ಕೆ ಎರಡರಂತೆ ಆರು ಎಲೆಕ್ಟ್ರಾನುಗಳಿಗೆ ಈ ಮನೆ ಭರ್ತಿ. ಬೆಂಜೀನ್ ಅಷ್ಟು ಸ್ಥಿರವಾಗಿರುವುದು ಇದರಿಂದಲೇ.

ಈಗ ಐದು ಇಂಗಾಲಗಳ ಉಂಗುರವನ್ನು ತೆಗೆದುಕೊಳ್ಳಿ. ಸೈಕ್ಲೋಪೆಂಟಾಡೈಯಿನೈಲ್ ಕ್ಯಾಟಯಾನಿನಲ್ಲಿರುವುದು ನಾಲ್ಕೇ ಪೈ ಎಲೆಕ್ಟ್ರಾನುಗಳು. ಕೆಳಗೆ ಎರಡು ಕುಳಿತ ಮೇಲೆ, ಉಳಿದೆರಡು ಸಮಶಕ್ತಿಯ ಜೋಡಿಯಲ್ಲಿ ಒಂದೊಂದರಂತೆ, ಸ್ಪಿನ್ ಒಂದೇ ದಿಕ್ಕಿಗಿರಿಸಿ ನಿಲ್ಲಬೇಕು. ಇದು ಟ್ರಿಪ್ಲೆಟ್ ಸ್ಥಿತಿ. ಅಣುವಿಗೆ ಸ್ಥಿರತೆಯಿಲ್ಲ, ಕಾಂತಗುಣವಿದೆ. ಇಂಥವುಗಳನ್ನು ಆಂಟಿಆರೊಮ್ಯಾಟಿಕ್ ಎಂದು ಕರೆದವರು ರೊನಾಲ್ಡ್ ಬ್ರೆಸ್ಲೊ. ಐದು ಕ್ಲೋರಿನ್ ಹೊತ್ತ ಅಂಥ ಕ್ಯಾಟಯಾನಿನಲ್ಲಿ ಟ್ರಿಪ್ಲೆಟ್ ಕಂಡದ್ದು 1960ರ ದಶಕದಲ್ಲಿ. 1973ರಲ್ಲಿ ಕ್ಲೋರಿನ್ ಇಲ್ಲದ ಮೂಲ ಕ್ಯಾಟಯಾನಿನಲ್ಲೂ ಅದು ಕಂಡಿತು. ಅಷ್ಟು ಹೊತ್ತಿಗೆ ಹ್ಯುಕೆಲ್ ಎಪ್ಪತ್ತರ ಮಧ್ಯ ದಾಟಿದ್ದರು.

ನಡುವಣ ನಾಲ್ಕು ದಶಕಗಳು ಅವರಿಗೆ ಸುಖದವಲ್ಲ. ಅವರ ಗಣಿತ ರಸಾಯನ ವಿಜ್ಞಾನಿಗಳಿಗೆ ಕಠಿಣವಾಯಿತು. ಭೌತವಿಜ್ಞಾನಿಗಳಿಗೆ ಬೆಂಜೀನ್ ಪರರ ವಿಷಯವಾಯಿತು. ಎರಡು ವಿಭಾಗಗಳು ತಮ್ಮದಲ್ಲವೆಂದು ಅತ್ತಿತ್ತ ಕಳುಹಿಸುವ ರೋಗಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಹ್ಯುಕೆಲ್ ಅವರ ಬಾಳು ಓದಿದಾಗ ನೆನಪಾಗುವವರು ಅವರೇ. ಅಮೆರಿಕದ ಪೌಲಿಂಗ್ ತಮ್ಮ ರೆಸೊನನ್ಸ್ ಸಿದ್ಧಾಂತವನ್ನು ಪ್ರಯೋಗಶಾಲೆಯ ಭಾಷೆಯಲ್ಲೇ ಹೇಳಿದರು, ಜನ ಅದನ್ನು ಒಪ್ಪಿಕೊಂಡರು. ಹ್ಯುಕೆಲ್‌ಗೆ ಆ ಕಲೆ ಇರಲಿಲ್ಲ. ದೋಷ ಓದುಗರದಷ್ಟೇ ಅಲ್ಲವೆಂದು ನನಗನ್ನಿಸುತ್ತದೆ.

1937ರಲ್ಲಿ ಮಾರ್ಬುರ್ಗ್ ವಿಶ್ವವಿದ್ಯಾಲಯ ಸೇರಿದ ಅವರಿಗೆ ಪೂರ್ಣ ಪ್ರಾಧ್ಯಾಪಕ ಪದವಿ ದೊರೆತದ್ದು 1961ರಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ. ನೊಬೆಲ್ ಬರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1977ರಲ್ಲಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು. 1980ರ ಫೆಬ್ರವರಿ 16ರಂದು ಮಾರ್ಬುರ್ಗ್‌ನಲ್ಲೇ ತೀರಿಕೊಂಡರು.