ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (ಜನನ: 12 ಜನವರಿ 1895, ಮರಣ: ಆಗಸ್ಟ್ 1948) ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಜೀವರಸಾಯನ ವಿಜ್ಞಾನಿ. ಫೋಲಿಕ್ ಆಮ್ಲದ ಸಂಶ್ಲೇಷಣೆ, ಆನೆಕಾಲು ರೋಗದ ಔಷಧಿಯಾದ ಹೆಟ್ರಜಾನ್, ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲ ಬಾರಿಗೆ ಗುಣ ತೋರಿದ ಅಮೈನೊಪ್ಟೆರಿನ್ ಹಾಗೂ ಅದರ ಸಮೀಪದ ರೂಪವಾದ ಮೆಥೊಟ್ರೆಕ್ಸೇಟ್ ಇವರ ನೇತೃತ್ವದ ತಂಡದ ಕೊಡುಗೆಗಳು. ಮೆಥೊಟ್ರೆಕ್ಸೇಟ್ ಬೆಳೆಯುವ ಮೂಳೆಗೂ ಹಾನಿ ಮಾಡಬಲ್ಲುದೆಂಬುದು ಇವರ ಮರಣಾನಂತರ ತಿಳಿದುಬಂತು. ಆ ಹಾನಿಯನ್ನು ತಡೆಯುವ ಒಂದು ಮುಖ್ಯ ಮಾರ್ಗವೂ ಫೋಲಿಕ್ ಆಮ್ಲದ ರಸಾಯನಶಾಸ್ತ್ರದಿಂದಲೇ ದೊರೆತಿದೆ.

ಬಾಲ್ಯ ಮತ್ತು ವ್ಯಾಸಂಗ

ಸುಬ್ಬರಾವ್ ಅಂದಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ (ಇಂದಿನ ಆಂಧ್ರಪ್ರದೇಶ) ಬಡ ಕುಟುಂಬವೊಂದರಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಮೂರನೆಯ ಪ್ರಯತ್ನದಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೂ ಖಾದಿ ಧರಿಸಿದ್ದು ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು. ಎಂ.ಬಿ.ಬಿ.ಎಸ್. ಬದಲಿಗೆ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿಯಷ್ಟೇ ಅವರಿಗೆ ದೊರೆಯಿತು. ಗ್ರಹಣಿ ರೋಗ (ಸ್ಪ್ರೂ) ಅವರ ಸಹೋದರರನ್ನು ಬಲಿ ತೆಗೆದುಕೊಂಡಿತ್ತು. ಅವರೂ ಅದರಿಂದ ನರಳಿ ಚೇತರಿಸಿಕೊಂಡಿದ್ದರು. ಮುಂದೆ ಅವರ ತಂಡ ತಯಾರಿಸಿದ ಫೋಲಿಕ್ ಆಮ್ಲವು ಇದೇ ರೋಗದ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿತು.

ಹಾರ್ವರ್ಡ್ ಅವಧಿ

1922ರಲ್ಲಿ ಪತ್ನಿಯನ್ನು ಭಾರತದಲ್ಲಿಯೇ ಬಿಟ್ಟು ಬಾಸ್ಟನ್ ನಗರಕ್ಕೆ ತೆರಳಿದ ಸುಬ್ಬರಾವ್ ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ಜೀವನ ನಿರ್ವಹಣೆಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಕೆಲಸ ಮಾಡುತ್ತ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಅಧ್ಯಯನ ನಡೆಸಿದರು. 1925ರಲ್ಲಿ ಸೈರಸ್ ಫಿಸ್ಕ್ ಅವರೊಡನೆ ಪ್ರಕಟಿಸಿದ ರಂಜಕದ ಅಳತೆಯ ವಿಧಾನವು ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಪ್ರಸಿದ್ಧವಾಯಿತು. ಇದರಲ್ಲಿ ಫಾಸ್ಫೇಟು ಮಾಲಿಬ್ಡೇಟಿನೊಡನೆ ಸೇರಿ, ಬಳಿಕ ಅಪಕರ್ಷಣೆಗೊಂಡು ನೀಲಿ ಬಣ್ಣ ತಾಳುತ್ತದೆ. ಬಣ್ಣದ ಗಾಢತೆಯೇ ರಂಜಕದ ಪ್ರಮಾಣವನ್ನು ತಿಳಿಸುತ್ತದೆ. ಮೂಳೆಯ ಖನಿಜಭಾಗ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದದ್ದು. ಆದ್ದರಿಂದ ರಿಕೆಟ್ಸಿನಂತಹ ಮೂಳೆರೋಗಗಳಲ್ಲಿ ರಕ್ತದ ರಂಜಕವನ್ನು ಅಳೆಯುವುದು ಅಗತ್ಯ. ಇದೇ ವಿಧಾನದ ಬೆನ್ನುಹತ್ತಿ ಇಬ್ಬರೂ 1927ರಲ್ಲಿ ಫಾಸ್ಫೋಕ್ರಿಯಾಟಿನ್ ಅನ್ನೂ 1929ರಲ್ಲಿ ಎಟಿಪಿಯನ್ನೂ ಸ್ನಾಯುಗಳಲ್ಲಿ ಗುರುತಿಸಿದರು. ಎಟಿಪಿಯನ್ನು ಜರ್ಮನಿಯ ಕಾರ್ಲ್ ಲೋಹ್‌ಮನ್ ಅದೇ ವರ್ಷ ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಇಷ್ಟಾಗಿಯೂ ಹಾರ್ವರ್ಡಿನಲ್ಲಿ ಸುಬ್ಬರಾವ್ ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ.

ಫೋಲಿಕ್ ಆಮ್ಲ ಮತ್ತು ಅದರ ವಿರೋಧಿಗಳು

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯವನ್ನು ಸೇರಿದರು. 1945ರ ವೇಳೆಗೆ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಈ ಬಗೆಯ ಸಂಯುಕ್ತಗಳನ್ನು ರಕ್ತದ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಕೊಟ್ಟಾಗ ರೋಗ ತಗ್ಗುವ ಬದಲು ಉಲ್ಬಣಿಸುವಂತೆ ತೋರಿತು. ವಿಟಮಿನ್ ಕ್ಯಾನ್ಸರ್ ಕೋಶಗಳಿಗೂ ಪೋಷಣೆ ನೀಡುತ್ತಿತ್ತು. ಹಾಗಿದ್ದರೆ ಅದರ ವಿರೋಧಿಯನ್ನು ಕೊಟ್ಟರೆ ಕೋಶಗಳು ಸೊರಗಬೇಕಲ್ಲವೇ ಎಂಬ ತರ್ಕದಿಂದ ಹೊಸ ಹಾದಿ ತೆರೆಯಿತು.

ಲೆಡರ್ಲಿ ತಂಡ ಫೋಲಿಕ್ ಆಮ್ಲದ ಅಣುವಿನಲ್ಲಿ ಅಲ್ಪ ಬದಲಾವಣೆ ಮಾಡಿ ಅಮೈನೊಪ್ಟೆರಿನ್ ತಯಾರಿಸಿತು. ಫೋಲೇಟನ್ನು ಬಳಕೆಯೋಗ್ಯ ರೂಪಕ್ಕೆ ತರುವ ಕಿಣ್ವವು ಇದನ್ನು ಹಿಡಿದು ಅಲ್ಲಿಯೇ ಸಿಲುಕುತ್ತದೆ. ಡಿಎನ್‌ಎ ತಯಾರಿಕೆ ನಿಂತು ಕೋಶವಿಭಜನೆ ಸ್ಥಗಿತಗೊಳ್ಳುತ್ತದೆ. ಜೂನ್ 1948ರ ಫಾರ್ಬರ್ ಅವರ ವರದಿಯಂತೆ ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಂದಿ ಚೇತರಿಕೆ ಕಂಡರು. ಚೇತರಿಕೆ ತಾತ್ಕಾಲಿಕವಾಗಿದ್ದರೂ ಅಲ್ಲಿಯವರೆಗೆ ಔಷಧಿಯೇ ಇಲ್ಲದ ಕಾಯಿಲೆಯೊಂದು ಔಷಧಿಗೆ ಬಗ್ಗಿದ್ದು ಅದೇ ಮೊದಲು. ವರದಿ ಪ್ರಕಟವಾದ ಕೆಲವೇ ವಾರಗಳಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ಹಠಾತ್ತನೆ ನಿಧನರಾದರು. ಸಾಧನೆಗೆ ತಕ್ಕ ಮನ್ನಣೆ ಜೀವಿತಕಾಲದಲ್ಲಿ ಅವರಿಗೆ ಸಿಗಲಿಲ್ಲ. ಭಾರತ ಸರ್ಕಾರ 1995ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಬೆಳೆಯುವ ಮೂಳೆ ಮತ್ತು ಮೆಥೊಟ್ರೆಕ್ಸೇಟ್

1950ರ ದಶಕದಲ್ಲಿ ಅಮೈನೊಪ್ಟೆರಿನ್ ಸ್ಥಾನವನ್ನು ಮೆಥೊಟ್ರೆಕ್ಸೇಟ್ ಆಕ್ರಮಿಸಿತು. ಮಕ್ಕಳು ಬದುಕುಳಿದು ವರ್ಷಗಟ್ಟಲೆ ಔಷಧಿ ಸೇವಿಸತೊಡಗಿದ ಮೇಲೆಯೇ ಅದರ ದೀರ್ಘಕಾಲದ ಪರಿಣಾಮಗಳು ಕಾಣಿಸಿಕೊಂಡವು. ಮಕ್ಕಳ ಉದ್ದ ಮೂಳೆಗಳ ತುದಿಯ ಸಮೀಪ ಬೆಳವಣಿಗೆ ಫಲಕವೆಂಬ ತೆಳುವಾದ ಮೃದ್ವಸ್ಥಿಯ ಪದರವಿರುತ್ತದೆ. ಅಲ್ಲಿನ ಕೋಶಗಳು ಸಾಲುಸಾಲಾಗಿ ವಿಭಜನೆಗೊಂಡು, ಹಿಗ್ಗಿ, ಕ್ರಮೇಣ ಮೂಳೆಗೆ ಎಡೆಮಾಡಿಕೊಡುವುದರಿಂದಲೇ ಮಗು ಎತ್ತರವಾಗುತ್ತದೆ. ವೇಗವಾಗಿ ವಿಭಜನೆಗೊಳ್ಳುವ ಕೋಶಗಳನ್ನು ತಡೆಯುವ ಔಷಧಿಯು ಕ್ಯಾನ್ಸರ್ ಕೋಶಕ್ಕೂ ಈ ಕೋಶಕ್ಕೂ ಭೇದವೆಣಿಸದು. ಕಾಲುನೋವು, ಮೂಳೆ ತೆಳುವಾಗುವಿಕೆ ಮತ್ತು ಮುರಿತಗಳು 1970ರ ಹೊತ್ತಿಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದವು. ಆದರೆ ಎಲ್ಲ ಹಾನಿಯನ್ನೂ ಈ ಒಂದು ಔಷಧಿಯ ಮೇಲೆ ಹೊರಿಸಲಾಗದು: ಜೊತೆಗೆ ಕೊಡುವ ಸ್ಟೀರಾಯ್ಡ್‌ಗಳು, ರೋಗವೇ ಅಸ್ಥಿಮಜ್ಜೆಯಲ್ಲಿ ನೆಲೆಸಿರುವುದು ಹಾಗೂ ದೀರ್ಘಕಾಲ ಹಾಸಿಗೆ ಹಿಡಿಯುವುದು ಸಹ ಮೂಳೆಯನ್ನು ದುರ್ಬಲಗೊಳಿಸುತ್ತವೆ.

ಫೋಲಿನಿಕ್ ಆಮ್ಲ ಫೋಲೇಟಿನ ಈಗಾಗಲೇ ಸಿದ್ಧಗೊಂಡ ರೂಪ. ಮೆಥೊಟ್ರೆಕ್ಸೇಟ್ ತಡೆಹಿಡಿದ ಕಿಣ್ವದ ನೆರವಿಲ್ಲದೆಯೇ ಅದು ಕೋಶಕ್ಕೆ ಒದಗುತ್ತದೆ. ಆಸ್ಟಿಯೋಸಾರ್ಕೋಮ ಎಂಬ ಮೂಳೆ ಕ್ಯಾನ್ಸರಿಗೆ ಭಾರಿ ಪ್ರಮಾಣದ ಮೆಥೊಟ್ರೆಕ್ಸೇಟ್ ಕೊಟ್ಟು, ನಿಗದಿತ ಗಂಟೆಗಳ ಬಳಿಕ ಫೋಲಿನಿಕ್ ಆಮ್ಲದಿಂದ ಆರೋಗ್ಯವಂತ ಕೋಶಗಳನ್ನು ಉಳಿಸಿಕೊಳ್ಳುವ ಕ್ರಮ 1970ರ ದಶಕದಲ್ಲಿ ರೂಢಿಗೆ ಬಂತು. ಎಳೆಯ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಫೋಲಿನಿಕ್ ಆಮ್ಲವು ಬೆಳವಣಿಗೆ ಫಲಕ ತೆಳುವಾಗುವುದನ್ನು ತಗ್ಗಿಸಿದೆ. ಮಕ್ಕಳ ಆರೈಕೆಯಲ್ಲಿ ಸಾಕಷ್ಟು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ, ಸಾಧ್ಯವಾದಷ್ಟು ಓಡಾಟ, ಎತ್ತರದ ನಿಯಮಿತ ಅಳತೆ ಇವು ಸೇರಿವೆ. ಚಿಕಿತ್ಸೆ ಮುಗಿದ ಮೇಲೆ ಅನೇಕ ಮಕ್ಕಳು ಕುಂಠಿತಗೊಂಡ ಬೆಳವಣಿಗೆಯನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತಾರೆ.

ಫೋಲಿನಿಕ್ ಆಮ್ಲವನ್ನು ಬೇಗನೆ ಅಥವಾ ಅತಿಯಾಗಿ ಕೊಟ್ಟರೆ ಅದು ಮೂಳೆಯೊಂದಿಗೆ ಕ್ಯಾನ್ಸರ್ ಕೋಶವನ್ನೂ ಉಳಿಸಬಲ್ಲುದು. ಈ ಕಾರಣದಿಂದ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ವೈದ್ಯರ ಸೂಚನೆಯಿಲ್ಲದೆ ಫೋಲೇಟ್ ಮಾತ್ರೆಗಳನ್ನು ಕೊಡುವುದಿಲ್ಲ.