ಸ್ವರಗಳಿಗೆ ಹೆಸರಿಟ್ಟ ವೆಂಕಟಮಖಿ

ಕಣ್ಣಿಗೆ ಕಾಣುವ ವಸ್ತುವನ್ನು ಬೆರಳು ಮಾಡಿ ತೋರಿಸಬಹುದು. ನಾದವನ್ನು ತೋರಿಸುವುದೆಂತು? ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುವ ಅದನ್ನು ಹಿಡಿದು ನಿಲ್ಲಿಸಿ, ಒಬ್ಬರ ಕಂಠದಿಂದ ಇನ್ನೊಬ್ಬರ ಕಂಠಕ್ಕೆ ಒಪ್ಪಿಸಬೇಕಾದರೆ ಅದಕ್ಕೊಂದು ಹೆಸರು ಬೇಕು. ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಗಾನವೃಂದದ ಸೇವೆಯನ್ನು ಕೃತಜ್ಞತೆಯಿಂದ ನೆನೆಯುವ ನಾವು, ನಾದಕ್ಕೆ ಹೆಸರಿಡುವ ಕಾರ್ಯದಲ್ಲಿ ಬಾಳನ್ನು ಸವೆಸಿದ ಕನ್ನಡ ಮನೆತನದ ಒಬ್ಬ ಮಹನೀಯರನ್ನು ಸ್ಮರಿಸುವುದು ಉಚಿತವಾಗಿದೆ.

ಧರ್ಮಸಭೆಯ ಚರಿತ್ರೆಯನ್ನು ಬಲ್ಲವರಿಗೆ ಇಟಲಿಯ ಅರೆಟ್ಸೊ ನಗರದ ಗ್ವಿದೊ ಎಂಬ ಸನ್ಯಾಸಿಯ ಪರಿಚಯವಿರುತ್ತದೆ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಳಿದ ಇವರು, ಗಾನವೃಂದದ ಬಾಲಕರು ವರ್ಷಗಟ್ಟಲೆ ಕಲಿತರೂ ಕೇಳದ ಹಾಡನ್ನು ಹಾಡಲಾರರೆಂದು ಮನಗಂಡು, ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದರ ಆರು ಪಾದಗಳ ಮೊದಲ ಅಕ್ಷರಗಳನ್ನೇ ಆರು ಸ್ವರಗಳಿಗೆ ಹೆಸರಾಗಿಟ್ಟರು. ಉತ್, ರೆ, ಮಿ, ಫ, ಸೋಲ್, ಲ ಎಂಬವೇ ಅವು. ಮುಂದೆ ಉತ್ ಎಂಬುದು ದೋ ಆಯಿತು. ಸಿ ಎಂಬ ಏಳನೆಯದು ಸೇರಿತು. ಗುರುಮಠಗಳಲ್ಲಿ ನಾವೆಲ್ಲ ಕಲಿತ ಸ್ವರಪಾಠಕ್ಕೆ ಇದೇ ಮೂಲ. ಇಂಥದೇ ಕಾರ್ಯವನ್ನು, ಇನ್ನೂ ಸೂಕ್ಷ್ಮವಾದ ರೀತಿಯಲ್ಲಿ, ಹದಿನೇಳನೆಯ ಶತಮಾನದ ದಕ್ಷಿಣ ಭಾರತದಲ್ಲಿ ಮಾಡಿದವರು ವೆಂಕಟಮಖಿಗಳು.

ಇವರ ಪೂರ್ಣ ನಾಮಧೇಯ ವೆಂಕಟೇಶ್ವರ ದೀಕ್ಷಿತ. ಮಖ ಎಂದರೆ ಯಜ್ಞ; ಯಜ್ಞ ಮಾಡಿದವರು ಮಖಿ. ತಂದೆ ಗೋವಿಂದ ದೀಕ್ಷಿತರು ಹೊಯ್ಸಳ ಕರ್ನಾಟಕ ಬ್ರಾಹ್ಮಣ ಮನೆತನದವರು. ತಂಜಾವೂರಿನ ನಾಯಕ ಅರಸರ ಬಳಿ ಮಂತ್ರಿಯಾಗಿ ದೀರ್ಘಕಾಲ ಸೇವೆ ಸಲ್ಲಿಸಿದವರು. ತಾಯಿ ನಾಗಮಾಂಬೆ. ಅಣ್ಣ ಯಜ್ಞನಾರಾಯಣ ದೀಕ್ಷಿತರೂ ಪ್ರಸಿದ್ಧ ಕವಿ. ವಿದ್ಯೆ, ವೀಣೆ, ಶಾಸ್ತ್ರಚರ್ಚೆಗಳು ತುಂಬಿದ್ದ ಆ ಮನೆಯಲ್ಲಿ ಬೆಳೆದ ವೆಂಕಟಮಖಿಗಳು ಮೀಮಾಂಸಾಶಾಸ್ತ್ರದಲ್ಲಿ ಗ್ರಂಥರಚನೆ ಮಾಡುವಷ್ಟು ಪಾಂಡಿತ್ಯ ಪಡೆದರು. ಸಂಗೀತದಲ್ಲಿ ತಾನಪ್ಪಾಚಾರ್ಯರು ಅವರ ಗುರುಗಳು.

ಆ ಕಾಲದ ಸಂಗೀತ ಶಾಸ್ತ್ರದ ಸ್ಥಿತಿ ಗೊಂದಲಮಯವಾಗಿತ್ತು. ಹಳೆಯ ಗ್ರಂಥಗಳ ಹೆಸರುಗಳು ಒಂದು ತೆರನಾದರೆ, ಹಾಡುವವರ ರೂಢಿ ಮತ್ತೊಂದು ತೆರನಾಗಿತ್ತು. ವಿಜಯನಗರದ ರಾಮಾಮಾತ್ಯರು 1550ರಲ್ಲಿ ಸ್ವರಮೇಳಕಲಾನಿಧಿ ಎಂಬ ಗ್ರಂಥವನ್ನು ಬರೆದು, ರಾಗಗಳನ್ನು 20 ಮೇಳಗಳಲ್ಲಿ ಅಳವಡಿಸಿದ್ದರು. ಮೇಳವೆಂದರೆ ರಾಗಗಳಿಗೆ ಆಧಾರವಾದ ಏಳು ಸ್ವರಗಳ ಜೋಡಣೆ. ಒಬ್ಬೊಬ್ಬ ಶಾಸ್ತ್ರಕಾರರು ಒಂದೊಂದು ಎಣಿಕೆ ಹೇಳುತ್ತಿದ್ದರೇ ಹೊರತು, ಇಷ್ಟೇ ಏಕೆ ಎಂಬುದಕ್ಕೆ ಉತ್ತರವಿರಲಿಲ್ಲ. ವಿಜಯರಾಘವ ನಾಯಕನ ಅಪೇಕ್ಷೆಯಂತೆ ವೆಂಕಟಮಖಿಗಳು ಚತುರ್ದಂಡೀ ಪ್ರಕಾಶಿಕೆಯನ್ನು ಬರೆಯಲು ಕುಳಿತಾಗ ಎದುರಾದ ಪ್ರಶ್ನೆಯಿದು.

ಅವರು ಕಂಡುಕೊಂಡ ಮಾರ್ಗವನ್ನು ಪೇಟಿಯ ಮುಂದೆ ಕುಳಿತ ಬಾಲಕನೂ ಅರಿಯಬಲ್ಲನು. ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗೆ ಕರಿ ಬಿಳಿ ಸೇರಿ 12 ಮನೆಗಳಿವೆ. ಷಡ್ಜ ಪಂಚಮಗಳು ತಮ್ಮ ಮನೆ ಬಿಟ್ಟು ಕದಲವು. ಷಡ್ಜದ ಮುಂದಿನ ನಾಲ್ಕು ಮನೆಗಳು ರಿಷಭ ಗಾಂಧಾರಗಳ ಪಾಲು. ಮೊದಲ ಮೂರು ಮನೆಗಳಲ್ಲಿ ನಿಲ್ಲುವ ರಿಷಭಕ್ಕೆ ರ, ರಿ, ರು ಎಂದೂ, ಕೊನೆಯ ಮೂರು ಮನೆಗಳಲ್ಲಿ ನಿಲ್ಲುವ ಗಾಂಧಾರಕ್ಕೆ ಗ, ಗಿ, ಗು ಎಂದೂ ಸಂಕೇತಗಳಾದವು. ಮಧ್ಯಮಕ್ಕೆ ಮ, ಮಿ. ಪಂಚಮದ ಮುಂದಿನ ನಾಲ್ಕು ಮನೆಗಳಲ್ಲಿ ಧ, ಧಿ, ಧು ಹಾಗೂ ನ, ನಿ, ನು. ಹೀಗೆ 12 ಮನೆಗಳಿಗೆ 16 ಹೆಸರುಗಳು.

ಒಂದೇ ಮನೆಗೆ ಎರಡು ಹೆಸರೇಕೆ ಎಂದು ಕೇಳಬಹುದು. ಒಬ್ಬನೇ ವ್ಯಕ್ತಿ ತಾಯಿಗೆ ಮಗನೂ ಮಕ್ಕಳಿಗೆ ತಂದೆಯೂ ಆಗುವಂತೆ, ಷಡ್ಜದ ಮುಂದಿನ ಎರಡನೆಯ ಮನೆ ಒಂದು ಮೇಳದಲ್ಲಿ ರಿ ಎನಿಸಿಕೊಂಡರೆ ಮತ್ತೊಂದರಲ್ಲಿ ಗ ಎನಿಸಿಕೊಳ್ಳುತ್ತದೆ. ಹೆಸರನ್ನು ನಿರ್ಧರಿಸುವುದು ಸ್ಥಾನವೊಂದೇ ಅಲ್ಲ, ಸಂಬಂಧವೂ ಹೌದು. ರಿಷಭವು ಗಾಂಧಾರಕ್ಕಿಂತ ಕೆಳಗಿರಬೇಕೆಂಬ ನಿಯಮದಂತೆ ಇವೆರಡರ ಜೋಡಿಗಳು ರಗ, ರಗಿ, ರಗು, ರಿಗಿ, ರಿಗು, ರುಗು ಎಂದು ಆರೇ ಆರು. ಧೈವತ ನಿಷಾದಗಳಿಗೂ ಆರು. ಆರನ್ನು ಆರರಿಂದ ಗುಣಿಸಿದರೆ 36. ಎರಡು ಮಧ್ಯಮಗಳಿಂದ ಅದು 72. ಇದಕ್ಕೆ ಒಂದನ್ನು ಕೂಡಿಸಲೂ ಕಳೆಯಲೂ ಯಾರಿಂದಲೂ ಆಗದೆಂದು ಅವರು ಹೆಮ್ಮೆಯಿಂದ ಸಾರಿದರು. ಹಿಂದಿನವರನ್ನು, ವಿಶೇಷವಾಗಿ ರಾಮಾಮಾತ್ಯರನ್ನು, ಖಂಡಿಸುವಾಗ ಅವರ ಮಾತು ಕಟುವಾಯಿತೆಂಬುದನ್ನೂ ಮರೆಮಾಚಬೇಕಾಗಿಲ್ಲ. ಮಹಾತ್ಮರೂ ಮನುಷ್ಯರೇ ಸರಿ.

ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ 72 ಮೇಳಗಳ ಪೈಕಿ ಅಂದು ಬಳಕೆಯಲ್ಲಿದ್ದವೆಂದು ಅವರು ವಿವರಿಸಿದ್ದು 19 ಮಾತ್ರ. ಉಳಿದವು ಬರಿದಾದ ಮನೆಗಳು. ಯಾರೂ ಹಾಡದ ಮೇಳಗಳಿಗೆ ಸ್ಥಾನವೇಕೆ ಎಂಬ ಆಕ್ಷೇಪವನ್ನು ಅವರೇ ಎತ್ತಿ, ಬೇರೆ ಬೇರೆ ದೇಶಗಳಲ್ಲಿ ಇರುವ, ಮುಂದೆ ಹುಟ್ಟಲಿರುವ ರಾಗಗಳಿಗೂ ಎಡೆಯಿರಲೆಂಬ ಭಾವದಿಂದ ಸಮಾಧಾನ ಹೇಳಿದರು. ತಮ್ಮ ಕಾಲಕ್ಕೆ ಸಾಕಾಗುವಷ್ಟನ್ನು ಮಾತ್ರ ಕಟ್ಟದೆ, ತಾವು ಕಾಣದ ಪೀಳಿಗೆಗಾಗಿ ಬಾಗಿಲು ತೆರೆದಿಟ್ಟದ್ದೇ ಅವರ ದೊಡ್ಡತನ. 1673ರಲ್ಲಿ ವಿಜಯರಾಘವ ನಾಯಕನು ಯುದ್ಧದಲ್ಲಿ ಮಡಿದು ತಂಜಾವೂರಿನ ನಾಯಕರ ರಾಜ್ಯ ಅಳಿಯಿತು. ಗ್ರಂಥದ ಹತ್ತು ಪ್ರಕರಣಗಳಲ್ಲಿ ತಾಳವನ್ನು ಕುರಿತ ಕೊನೆಯದು ನಮಗೆ ದೊರೆತಿಲ್ಲ. ಆದರೂ ಹೆಸರುಗಳು ಉಳಿದವು. ಮುತ್ತುಸ್ವಾಮಿ ದೀಕ್ಷಿತರೇ ಮೊದಲಾದ ವಾಗ್ಗೇಯಕಾರರು ಆ ಬರಿದಾದ ಮನೆಗಳಲ್ಲಿ ದೀಪ ಹಚ್ಚಿದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮಗೆ ದೂರದ ತಂಜಾವೂರಿನ ಈ ಪಂಡಿತರಿಂದ ಏನು ಬಂತು? ನಮ್ಮ ಸೀಮೆಯಲ್ಲಿ ಕೇಳಿಬರುವುದು ಹಿಂದುಸ್ತಾನಿ ಪದ್ಧತಿಯಲ್ಲವೇ? ನಿಜ. ಆದರೆ 1904ರಲ್ಲಿ ದಕ್ಷಿಣಕ್ಕೆ ಯಾತ್ರೆ ಹೋದ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು ವೆಂಕಟಮಖಿಗಳ ಗ್ರಂಥವನ್ನು ಕಂಡು, ಅದರ ಬೆಳಕಿನಲ್ಲಿಯೇ ಉತ್ತರಾದಿ ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ಜೋಡಿಸಿದರು. ಬಿಲಾವಲ್, ಭೈರವ್, ಕಲ್ಯಾಣ್ ಮುಂತಾದ ಆ ಹತ್ತೂ ವೆಂಕಟಮಖಿಗಳ 72ರಲ್ಲಿ ಅಡಗಿವೆ. ನಮ್ಮ ಹಳ್ಳಿಯ ಭಜನಾ ಮೇಳದ ಪೇಟಿ ಮಾಸ್ತರರು ಥಾಟ್ ಹೇಳಿಕೊಡುವಾಗ, ಅರಿತೋ ಅರಿಯದೆಯೋ ಆ ಋಣವನ್ನೇ ಸಲ್ಲಿಸುತ್ತಾರೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ, ಆಯಾ ಜನಾಂಗದ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ಯೋಗ್ಯ ಸ್ಥಾನ ದೊರೆಯಬೇಕೆಂದು ವಿಧಿಸಿತು. ಅಂದಿನಿಂದ ಕನ್ನಡದ ರಾಗಗಳು ಬಲಿಪೂಜೆಯಲ್ಲಿ ಮೊಳಗುತ್ತಿವೆ. ಆದರೆ ಇಂದಿನ ಮಕ್ಕಳು ಹಾಡನ್ನು ಮೊಬೈಲಿನಿಂದ ಕೇಳಿ ಕಲಿಯುತ್ತಾರೆ. ಹಬ್ಬ ಮುಗಿದೊಡನೆ ಮರೆಯುತ್ತಾರೆ. ಹಿರಿಯ ಗಾಯಕರೊಬ್ಬರು ತೀರಿಕೊಂಡರೆ ಅವರ ಕಂಠದಲ್ಲಿದ್ದ ಹಾಡುಗಳೂ ಅವರೊಡನೆ ಮಣ್ಣು ಸೇರುತ್ತವೆ. ಸ್ವರದ ಹೆಸರು ಬಲ್ಲ ಒಂದು ಮಗುವಿದ್ದರೆ ಆ ಹಾಡನ್ನು ಬರೆದಿಡಬಹುದು, ಮುಂದಿನವರಿಗೆ ಒಪ್ಪಿಸಬಹುದು. ಆದಕಾರಣ, ತಂದೆತಾಯಂದಿರೇ, ನಿಮ್ಮ ಮಕ್ಕಳಿಗೆ ಹಾಡಿನೊಡನೆ ಸ್ವರವನ್ನೂ ಕಲಿಸಿರಿ. ನೂರು ವರ್ಷ ಈ ದೇವಾಲಯದಲ್ಲಿ ಹಾಡಿದವರ ಋಣ ಹಾಗೆ ತೀರಲಿ. ಮುಂದಿನ ನೂರು ವರ್ಷ ಹಾಡಲಿರುವವರಿಗೂ ಒಂದಿಷ್ಟು ಎಡೆ ದೊರೆಯಲಿ.