ಡಾ. ಯಲ್ಲಾಪ್ರಗಡ ಸುಬ್ಬರಾವ್

ಕಳೆದ ವರ್ಷ ನನ್ನ ಮಾವನ ಸಣ್ಣ ಮಗಳಿಗೆ ರಕ್ತದ ಕ್ಯಾನ್ಸರ್ ಅಂತ ಮಂಗಳೂರಿನಲ್ಲಿ ಹೇಳಿದರು. ಮನೆಯಲ್ಲಿ ಎಲ್ಲರೂ ಅತ್ತದ್ದೇ ಅತ್ತದ್ದು. ಈಗ ಅವಳು ಕಡಬದ ಮನೆಯಲ್ಲಿದ್ದಾಳೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಎಂಬ ಹಳದಿ ಮಾತ್ರೆ ತಿನ್ನುತ್ತಾಳೆ. ಅದನ್ನು ಕಂಡುಹಿಡಿದವರು ಯಾರು ಅಂತ ಕೇಳಿದಾಗ ವಿಜ್ಞಾನದ ಮಾಷ್ಟ್ರು ಸುಬ್ಬರಾಯರ ಕಥೆ ಹೇಳಿದರು.

ಅವರು ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮಾವರಂನಲ್ಲಿ. ಮದ್ರಾಸಿನಲ್ಲಿ ಡಾಕ್ಟರಿಕೆ ಓದುವಾಗ ಖಾದಿ ತೊಟ್ಟದ್ದಕ್ಕೆ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಸಿಟ್ಟು ಬಂತು, ಎಂ.ಬಿ.ಬಿ.ಎಸ್. ಪದವಿ ಸಿಗಲಿಲ್ಲ. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಒಡಹುಟ್ಟಿದವರಿಬ್ಬರು ಬಲಿಯಾದರು. ಮುಂದೆ ಅಮೆರಿಕದಲ್ಲಿ, 1945ರಲ್ಲಿ, ಅವರ ತಂಡ ಆ ಕಾಯಿಲೆಗೆ ಬೇಕಾದ ಫೋಲಿಕ್ ಆಸಿಡ್ ತಯಾರಿಸಿತು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿಯೂ ಅದುಂಟು. (ನಾನು ಎಷ್ಟೋ ಸಲ ಬಿಸಾಡಿದ್ದೇನೆ, ಟೀಚರ್ ಕ್ಷಮಿಸಬೇಕು.)

ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದೇ ಜಾತಿಯ ಮದ್ದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ಇನ್ನೂ ಜೋರಾಯಿತು! ಹಾಗಾದರೆ ಫೋಲಿಕ್ ಆಸಿಡನ್ನು ತಡೆಯುವ ಮದ್ದು ಕೊಟ್ಟರೆ? ಸುಬ್ಬರಾಯರ ತಂಡ ಅಮಿನೋಪ್ಟೆರಿನ್ ಮಾಡಿಕೊಟ್ಟಿತು. 1947ರ ಕೊನೆಗೆ ಅದನ್ನು ಕೊಟ್ಟಾಗ ಕೆಲವು ಮಕ್ಕಳು ಎದ್ದು ಓಡಾಡಿದರು. ಕೆಲವು ತಿಂಗಳು ಅಷ್ಟೆ, ರೋಗ ತಿರುಗಿ ಬಂತು. ಅದರ ತಮ್ಮನೇ ಮೆಥೋಟ್ರೆಕ್ಸೇಟ್. ನಾಲ್ಕಾರು ಮದ್ದು ಸೇರಿಸಿ ಕೊಡಲು ಕಲಿತ ಮೇಲೆ ಪೂರ್ತಿ ಗುಣವಾಗತೊಡಗಿತು. ಎಲ್ಲಾ ಕ್ಯಾನ್ಸರಿಗೆ ಹಾಗಲ್ಲ. ಆದರೆ ಮಕ್ಕಳಿಗೆ ಬರುವ ಈ ಕ್ಯಾನ್ಸರಿನಲ್ಲಿ, ಒಳ್ಳೆ ಚಿಕಿತ್ಸೆ ಸಿಕ್ಕಿದರೆ, ಹೆಚ್ಚಿನವರು ಬದುಕುತ್ತಾರೆ.

ಸುಬ್ಬರಾಯರು ಇದನ್ನೆಲ್ಲ ನೋಡಲಿಲ್ಲ. 1948ರ ಆಗಸ್ಟಿನಲ್ಲಿ, 53ನೇ ವಯಸ್ಸಿಗೇ ತೀರಿಕೊಂಡರು.

ನಮ್ಮ ಹುಡುಗಿಗೆ ಇನ್ನೊಂದು ವರ್ಷ ಮಾತ್ರೆ ಉಂಟು. ತಲೆಯಲ್ಲಿ ಕೂದಲು ಬಂದಿದೆ, ಜಡೆ ಹಾಕಲು ಸಾಲದು.